ಬೈಕಿನ ಹಿಂದಿನ ಸೀಟು

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯ ತರ್ಕದ ಪ್ರಶ್ನೆಗಳನ್ನು ಈಗ ನಮ್ಮ ನಮ್ಮ ನೆಂಟರು, ಗೆಳೆಯರು ಹೋದ ವಾರ ಮಾಡಿದ್ದರಿಂದಲೇ ತೆಗೆಯುತ್ತಾರೆ. "ನಂಗೆ ಸೋದರತ್ತೆ ಮನೆ ಗೃಹಪ್ರವೇಶ ಬಂದಿದೆ ಕಣೇ, ಹದಿನೆಂಟು ಜನ" ಎಂದು ಪಕ್ಕದವಳು ಗೊಣಗಿದಳು.

ನನಗೆ ಬಂದದ್ದು ನಾನು ಓದುತ್ತ ಮನೆಯಲ್ಲೇ ಉಳಿದ ಭಾನುವಾರ. ನಂದಿಬೆಟ್ಟಕ್ಕೆ ಹೊರಟ ಗೆಳೆಯರು ಐವರು, ಗಾಡಿ ಮೂರು. ರಫೀಕನ ಹಿಂದೆ ಅವನ ತಂಗಿ. ಲಾವಣ್ಯ ತನ್ನ ಸ್ಕೂಟರಿನಲ್ಲಿ ಒಬ್ಬಳೇ. ವಿನುತಾಗೆ ಗಾಡಿ ಓಡಿಸಲು ಬಾರದು. ಇಂದ್ರೇಶನ ಹಿಂದೆ ಯಾರು?

"ನೀನಿಲ್ದೆ ನಾನೂ ಹೋಗಲ್ಲ, ನೀನು ಓದ್ಕೋ" ಎಂದಿದ್ದ ನನ್ನ ಇಂದ್ರೇಶ. ನನ್ನ ನೋಟ್ಸನ್ನೇ ಓದಿ ಪರೀಕ್ಷೆಗೆ ಬಂದ ವಿನುತಾ ಮುಂದಿನ ಬೆಂಚಿನಲ್ಲಿ ಜಡೆ ತಿರುವುತ್ತ ಕೂತಿದ್ದಳು.

ಉತ್ತರ ಅರ್ಧ ನಿಮಿಷಕ್ಕೇ ಹೊಳೆಯಿತು. ತಪ್ಪು ಬರೆದರೆ ಒಂದು ಅಂಕ ಕಳೆಯುತ್ತಾರೆ. ಕಳೆಯಲಿ. ಕೊನೆಯ ಆಯ್ಕೆ "ಯಾರೂ ಇಲ್ಲ" ಎಂದಿತ್ತು. ಅದರ ವೃತ್ತವನ್ನು ಹಾಳೆ ಹರಿಯುವಷ್ಟು ಒತ್ತಿ ತುಂಬಿದೆ.