ಕೇಟಿಯ ಹೊಲದಲ್ಲಿ ಸಿಕ್ಕ ತಂಬಿಗೆ

“ಬೇರೆ ಯಾವ ಹೊಲಕ್ಕಾದ್ರೂ ಹೋಗಿ. ಉದಯಶಂಕರ್ ಅವರ ಹೊಲ ಮಾತ್ರ ಬೇಡ ರೀ.”

ಉಷಾ ಹಾಗೆಂದದ್ದೇ ತಪ್ಪಾಯಿತು. ಪ್ರಹ್ಲಾದ್ ಮೆಟಲ್ ಡಿಟೆಕ್ಟರನ್ನು ಕಾರಿನಲ್ಲಿಟ್ಟುಕೊಂಡು ನೇರ ಕೇಟಿ ಊರಿನ ಆ ಹೊಲಕ್ಕೇ ಹೊರಟ.

ಮೂರು ವರ್ಷದಿಂದ ಅವನ ಭಾನುವಾರಗಳೆಲ್ಲ ಹ್ಯೂಸ್ಟನ್ನಿನ ಸುತ್ತಲ ಹೊಲಗಳಲ್ಲೇ ಕಳೆದಿದ್ದವು. ಹಳೆಯ ಮೆಕ್ಸಿಕನ್ ನಾಣ್ಯ, ಸೈನಿಕರ ಅಂಗಿಗುಂಡಿ, ಕುದುರೆ ಲಾಳ ಏನು ಸಿಕ್ಕರೂ ಮಗುವಿನಂತೆ ಕುಣಿಯುತ್ತಿದ್ದ. ಇವತ್ತು ಬೇಕಾಗಿದ್ದುದು ಅದಲ್ಲ, ತಾಯಿಯ ನಾಲ್ಕೆಳೆ ಸರ.

ತಾಯಿ ಶುಗರ್ ಲ್ಯಾಂಡಿನ ಅವನ ಮನೆಗೆ ಬಂದವರು ಕಳೆದ ವರ್ಷ, 2001ರ ಬೇಸಿಗೆಯಲ್ಲಿ, ಇಲ್ಲೇ ತೀರಿಕೊಂಡಿದ್ದರು. ವೀಸಾ ತೊಡಕಿನಿಂದ ಉಳಿದ ಕಾರ್ಯಕ್ಕೆ ತಾನೇ ಊರಿಗೆ ಹೋಗಲಾಗದ ಸಂಕಟ ಒಂದು ಕಡೆ, ಸರ ಕಾಣೆಯಾದ ಉರಿ ಇನ್ನೊಂದು ಕಡೆ. ಆಸ್ಪತ್ರೆಯ ಖರ್ಚಿಗೆ ಮಾರಿದೆ ಅನ್ನುತ್ತಾಳೆ ಉಷಾ. ಯಾರ ಕಿವಿಗೆ ಹೂವಿಡುತ್ತಾಳೆ! ಅಕ್ಟೋಬರಿನಲ್ಲಿ ಅವಳೊಬ್ಬಳೇ ಹೊಲಕ್ಕೆ ಬಂದು ಏನನ್ನೋ ಹೂತು ಹೋದಳೆಂದು ಗೆಳೆಯ ಉದಯಶಂಕರನೇ ಬಾಯಿಬಿಟ್ಟಿದ್ದ.

ಬೇಲಿ ಪಕ್ಕದ ಓಕ್ ಮರದ ಬುಡದಲ್ಲಿ ಡಿಟೆಕ್ಟರ್ ಕಿರುಚಿತು. ಒಂದಡಿ ಅಗೆದ. ತಾಮ್ರದ ತಂಬಿಗೆ. ಬಾಯಿಗೆ ಬಿಗಿದು ಕಟ್ಟಿದ ಬಟ್ಟೆ. ಬಟ್ಟೆ ಹರಿದು ಸುರಿದರೆ ಬರೀ ಬೂದುಬಣ್ಣದ ಪುಡಿ.

“ಥೂ!”

ಸರ ಅದರಲ್ಲೇ ಹುದುಗಿರಬೇಕೆಂದು ಬೂಟುಗಾಲಿನಲ್ಲಿ ಕೆದಕಿದ. ಗಾಳಿಗೆ ಅರ್ಧ ಹಾರಿಹೋಯಿತು. ಸಿಕ್ಕಿದ್ದು ಸಾಸಿವೆಯಷ್ಟು ಚಿನ್ನ! ಉಳಿದದ್ದನ್ನು ಇವಳು ಆಗಲೇ ಸಾಗಿಸಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ರಾಶಿಯನ್ನು ಜಾಡಿಸಿ ಒದ್ದ, ತುಳಿದ, ಪಂಪಿನ ನೀರಿನಲ್ಲಿ ತಂಬಿಗೆ ತೊಳೆದ.

ಮನೆಗೆ ಬಂದವನೇ ಅದನ್ನು ಡೈನಿಂಗ್ ಟೇಬಲ್ಲಿನ ಮೇಲೆ ಕುಕ್ಕಿದ.

“ಕಳ್ಳಿ! ಅಮ್ಮನ ಸರ ಎಲ್ಲಿ?”

ಉಷಾ ತಂಬಿಗೆಯೊಳಗೆ ಇಣುಕಿದಳು. ಮುಖ ಬಿಳಿಚಿಕೊಂಡಿತು.

“ವಿದ್ಯಾವತಿ ಆಂಟಿ ಊರಿಗೆ ಹೋಗ್ತಾ ತಗೊಂಡು ಹೋಗ್ತೀನಿ ಅಂದಿದ್ರು. ಅಂಚೇಲಿ ಜೀವ ತೆಗೆಯೋ ಆಂಥ್ರಾಕ್ಸ್ ರೋಗದ ಪುಡಿ ಬರ್ತಿದ್ದ ಟೈಮು. ಏರ್‌ಪೋರ್ಟಲ್ಲಿ ಹಿಡೀತಾರೆ ಅಂತ ಹೆದರಿ ವಾಪಸ್ ಕೊಟ್ಬಿಟ್ರು. ಮನೆಯೊಳಗೆ ಇಡೋ ಹಾಗಿಲ್ಲ. ಕಾವೇರಿ ಸೇರಿಲ್ಲ ಅಂದ್ರೆ ನಿಮ್ಮ ಜೀವ ತಡೆಯಲ್ಲ ಅಂತ ಹೇಳ್ಲಿಲ್ಲ.”

ಅವಳ ಕಣ್ಣು ಅವನ ಬೂಟಿನ ಮೇಲಿತ್ತು.

“ಎಲ್ಲಿ ಚೆಲ್ಲಿ ಬಂದ್ರಿ ರೀ, ಅತ್ತೆನ?”