ಹೊಸ ಬಾಚಣಿಗೆ

ಪಕ್ಕದ ಮನೆಯವರು ಕ್ರಿಸ್ಮಸ್‌ಗೆಂದು ಕಳಿಸಿದ ತಟ್ಟೆಯಲ್ಲಿ ಕಿಡಿಯೊ ಇತ್ತು. ಹಿಟ್ಟನ್ನು ಬಾಚಣಿಗೆಯ ಹಲ್ಲಿಗೊತ್ತಿ, ಸುರುಳಿ ಸುತ್ತಿ ಕರಿಯುವ ತಿಂಡಿ. ಒಂದನ್ನು ಬಾಯಿಗಿಟ್ಟ ಐರಿನ್ ನಾಲಿಗೆಯ ಮೇಲಿಂದ ಉದ್ದ ಕೂದಲೊಂದನ್ನು ಎಳೆದು ತೆಗೆದಳು.

"ಥೂ! ತಲೆ ಬಾಚುವುದರಲ್ಲೇ ಮಾಡಿದ್ದಾರೆ, ಗಲೀಜು ಜನ! ಒಂದು ಹೊಸ ಬಾಚಣಿಗೆ ತರ್ಲಿಕ್ಕೆ ಎಂತ ಧಾಡಿ ಇವರಿಗೆ?"

ತಟ್ಟೆಯನ್ನು ಕಸದ ಬುಟ್ಟಿಗೆ ಕೊಡವಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಆದರೂ ಹೇಸಿಗೆ ಹೋಗಲಿಲ್ಲ. ನಿನ್ನೆ ಮಕ್ಕಳು ಕೂತು ಸುತ್ತಿದ್ದ ಕಿಡಿಯೊಗಳ ಡಬ್ಬಿ ತೆರೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಬೆಳಿಗ್ಗೆ ಹತ್ತು ಮನೆಗೆ ಹಂಚಿದ್ದೂ ಇದನ್ನೇ.

"ನೋಡು, ಹೊಸ ಬಾಚಣಿಗೆಯಲ್ಲಿ ಮಾಡಿದ್ದು ಹೇಗುಂಟು!"

"ಹೊಸತನ್ನು ಅಪ್ಪ ಜೇಬಲ್ಲಿಟ್ಕೊಂಡು ಹೋದ್ರಲ್ಲ ಅಮ್ಮ," ಮಗಳು ತಲೆ ಕೆರೆಯುತ್ತ ಹೇಳಿದಳು. "ನಾವು ಮಾಡಿದ್ದು ನನ್ನ ಹೇನು ತೆಗೆಯುವ ಬಾಚಣಿಗೆಯಲ್ಲಿ."