ತಪ್ಪು ತೊಟ್ಟಿ

ನಡುರಾತ್ರಿ ಕೆಳಗಿನ ಕಸದ ಕೋಣೆಯ ಬಾಗಿಲು ಟಕ್ಕೆಂದಿತು. ಗುನ್ವೊರ್ ಹಾಸಿಗೆಯಲ್ಲೇ ತುಟಿ ಕೊಂಕಿಸಿದಳು. ಮತ್ತೆ ಅದೇ ಕಟ್ಟಡದ ಆ ಆರ್ವಿದ್.

ಬೆಳಿಗ್ಗೆ ಇಳಿದು ನೋಡಿದರೆ, ಅಡುಗೆ ಕಸದ ತೊಟ್ಟಿಯಲ್ಲಿ ಹಳೆಯ ಕಂಪ್ಯೂಟರ್ ಪರದೆಯೊಂದು ಆಲೂಗಡ್ಡೆ ಸಿಪ್ಪೆಯ ಮೇಲೆ ಕೂತಿತ್ತು. ಹೋದ ವಾರ ಪ್ರಿಂಟರ್. ಅದಕ್ಕೂ ಹಿಂದೆ ಮಕ್ಕಳಾಡುವ ಪಿಯಾನೋ, ಅದೂ ಮಕ್ಕಳೇ ಇಲ್ಲದವನ ಮನೆಯಿಂದ. ಕೆಟ್ಟ ವಿದ್ಯುತ್ ಸಾಮಾನು ಹಾಕುವ ಕಂಬಿಯ ಪಂಜರ ಪಕ್ಕದಲ್ಲೇ ಇದೆ. ತಿಳಿಯದವರನ್ನು ಗುನ್ವೊರ್ ಕ್ಷಮಿಸಬಲ್ಲಳು, ಸೋಮಾರಿಗಳನ್ನಲ್ಲ.

ಯೆವ್ಲೆ ಪಟ್ಟಣದ ಆ ಕಟ್ಟಡದ ಉಳಿದವರು ಇಂಥದ್ದಕ್ಕೆಲ್ಲ ಗೋಡೆಗೆ ಹೆಸರಿಲ್ಲದ ಚೀಟಿ ಅಂಟಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೇಡಿಗಳು. ನೆರೆಯವರ ಕರೆಗಂಟೆ ಒತ್ತುವ ಧೈರ್ಯ ಇದ್ದದ್ದು ನಿವಾಸಿಗಳ ಸಂಘದ ಅಧ್ಯಕ್ಷೆ ಗುನ್ವೊರ್‌ಗೆ ಮಾತ್ರ.

"ನಾನೇ ಹಾಕಿದ್ದು," ಎಂದ ಆರ್ವಿದ್, ಎಂದಿನಂತೆ. ಮುದುಕ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮನೆಯೊಳಗಿಂದ ಏಲಕ್ಕಿ ಬನ್ನಿನ ಪರಿಮಳ ಬರುತ್ತಿತ್ತು. "ಒಳಗೆ ಬನ್ನಿ. ಕೂತ್ಕೊಂಡೇ ಬೈಯಿರಿ."

"ನಾಚಿಕೆ ಆಗಲ್ವಾ ನಿಮಗೆ?"

"ಸ್ವಲ್ಪ ಆಗತ್ತೆ. ಕಾಫಿಗೆ ಹಾಲು ಹಾಕ್ಲಾ?"

"ಇವತ್ತು ಸಂಜೆ ಸಂಘದ ಸಭೆ ಇದೆ. ಇದೆಲ್ಲ ಯಾರ ಕೆಲಸ ಅಂತ ಎಲ್ರೂ ಕೇಳ್ತಾ ಇದಾರೆ. ನಾನು ನಿಮ್ಮ ಹೆಸರು ಹೇಳಿದ್ರೆ ನೀವು ಮನೆ ಬಿಡಬೇಕಾಗತ್ತೆ."

ಅವನು ಬನ್ನಿನ ತಟ್ಟೆ ಮುಂದಕ್ಕೆ ಸರಿಸಿದ. ಇವನ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತ ಗುನ್ವೊರ್ ಎರಡು ತಿಂದಳು, ಮೂರನೆಯದಕ್ಕೂ ಕೈಹಾಕಿದಳು, ಬೈಗುಳ ಮುಂದುವರಿಸಿದಳು.

ಕದ್ದುಮುಚ್ಚಿ ರಿಪೇರಿ ದಂಧೆ ನಡೆಸುತ್ತಿದ್ದಾನೆ ಎಂಬುದು ಅವಳ ಗುಮಾನಿ. ಅಷ್ಟೊಂದು ಹಾಳು ಸಾಮಾನು ಇನ್ನೆಲ್ಲಿಂದ ಬರಬೇಕು? ಮಧ್ಯಾಹ್ನ ಅವನು ಗಾಲಿಚೀಲ ಎಳೆದುಕೊಂಡು ಹೊರಟಾಗ ಅವಳು ಹಿಂಬಾಲಿಸಿದಳು. ಅವನು ಹಳೆಯ ಸಾಮಾನಿನ ಅಂಗಡಿ ಹೊಕ್ಕ. ಅವಳು ಮಾರಾಟಕ್ಕೆ ತೂಗುಹಾಕಿದ್ದ ಕೋಟುಗಳ ಹಿಂದೆ ನಿಂತಳು. ಸಂಜೆಯ ಸಭೆಗೆ ಬೇಕಾದ ಸಾಕ್ಷಿ ಇನ್ನೇನು ಕೈಗೆ ಸಿಕ್ಕಿದಂತೆಯೇ.

"ಈ ಲ್ಯಾಪ್‌ಟಾಪ್ ಪೂರ್ತಿ ಸತ್ತುಹೋಗಿದೆ, ಆರ್ವಿದ್," ಎಂದಳು ಅಂಗಡಿಯ ಹುಡುಗಿ. "ಪ್ರಿಂಟರೂ ಸತ್ತಿದ್ದೇ ಒಯ್ದ್ರಿ. ರಿಪೇರಿ ಮಾಡ್ತೀರಾ?"

"ನಂಗೆಲ್ಲಿ ಬರತ್ತೆ ರಿಪೇರಿ? ಕಸಕ್ಕೆ ಹಾಕ್ತೀನಿ."

"ದುಡ್ಡು ಕೊಟ್ಟು ತಗೊಂಡು ಕಸಕ್ಕೆ ಹಾಕ್ತೀರಾ?"

"ತಪ್ಪು ತೊಟ್ಟಿಗೆ ಹಾಕಿದ್ರೆ," ಎಂದ ಆರ್ವಿದ್, "ಒಬ್ರು ಮನೆಗೆ ಬರ್ತಾರೆ."

ಈಗ ಕೇಳಿದ್ದನ್ನು ಸಂಜೆಯ ಸಭೆಯಲ್ಲಾಗಲಿ ಬೇರೆಲ್ಲಾಗಲಿ ಯಾರಿಗೂ ಹೇಳುವುದಿಲ್ಲವೆಂದು ಗುನ್ವೊರ್ ಕೋಟುಗಳ ಹಿಂದೆಯೇ ನಿಶ್ಚಯಿಸಿದಳು. ಆರ್ವಿದ್‌ಗೂ.